ಕಗ್ಗಂಟಿನ ಬಯಲು

ಮೂಡಲಗೆರೆಯ ದಕ್ಷಿಣಕ್ಕೆ ಕಾಡಿನ ಕಾಲುದಾರಿ ಹಿಡಿದು ಎರಡು ಹರಿದಾರಿ ನಡೆದರೆ ಬೂರುಗದ ಮರಗಳು ಸುತ್ತುವರಿದ ಒಂದು ಬಯಲು ಸಿಗುತ್ತದೆ. ಪಕ್ಕದಲ್ಲಿ ಒಂದು ಹಳ್ಳ. ಹಳ್ಳದ ತಿರುವಿನಲ್ಲಿ ಎದೆಮಟ್ಟ ನೀರು ನಿಲ್ಲುವ ಮಡು. ಮಳೆಗಾಲ ಮುಗಿದು ದಾರಿ ಗಟ್ಟಿಯಾದ ಮೇಲೆ ಪಟ್ಟಣದ ಕಡೆಯಿಂದ ಕುದುರೆ ಸವಾರರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ, ಡೇರೆ ಹಾಕುತ್ತಾರೆ, ಎರಡು ಮೂರು ದಿನ ಇದ್ದು ಕಾಡಿನ ದಾರಿಗಳಲ್ಲಿ ಸವಾರಿ ಮಾಡಿ ಹೋಗುತ್ತಾರೆ. ಕುದುರೆಗಳಿಗೆ ಸಿಮೆಂಟಿನ ನೀರುತೊಟ್ಟಿ ಇದೆ, ಹುಲ್ಲು ಇಡಲು ಒಂದು ಚಪ್ಪರ ಇದೆ, ಮನುಷ್ಯರಿಗೆ ಮಾತ್ರ ಹೇಳಿಕೊಳ್ಳುವಂಥ ಅನುಕೂಲವೇನೂ ಇಲ್ಲ. ದಾರಿಯ ಬಾಯಲ್ಲಿ ‘ಅಶ್ವಾರೋಹಿಗಳ ತಂಗುದಾಣ, ಸಂಖ್ಯೆ ಎರಡು’ ಎಂದು ಬೋರ್ಡು ಹಾಕಿದ್ದಾರೆ. ಆ ಹೆಸರು ಬೋರ್ಡಿಗೆ ಗೊತ್ತು, ಅದಕ್ಕೆ ಬಣ್ಣ ಬಳಿದವನಿಗೆ ಗೊತ್ತು, ಮಿಕ್ಕ ಯಾರಿಗೂ ಗೊತ್ತಿಲ್ಲ. ಸುತ್ತಿನ ಹಳ್ಳಿಯವರಿಗೆಲ್ಲ ಅದು ಕಗ್ಗಂಟಿನ ಬಯಲು.

ಇಲ್ಲಿ ಒಂದು ಕಟ್ಟಳೆ ಇದೆ. ಸವಾರರು ಕುದುರೆಗಳನ್ನು ಮರಕ್ಕೆ ಕಟ್ಟಿದ ಮೇಲೆ ಕಾಡುಕಾವಲಿನ ಸಿದ್ದಮಾದ ಒಂದೊಂದು ಹಗ್ಗದ ಬಳಿಗೂ ಹೋಗಿ ಅದರ ತುದಿ ಹಿಡಿದು ಒಂದೇ ಸಲ ಎಳೆಯುತ್ತಾನೆ. ಗಂಟು ಆ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಳ್ಳದಿದ್ದರೆ ಅಲ್ಲಿ ಯಾರೂ ಡೇರೆ ಹಾಕುವಂತಿಲ್ಲ. ಕಳೆದ ವರ್ಷ ಸವಾರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಇದಕ್ಕೆ ಒಪ್ಪದೆ ಜಗಳಕ್ಕೇ ನಿಂತಳು. ‘ನನ್ನ ಕುದುರೆ ಬಾಯಲ್ಲೇ ಗಂಟು ಬಿಚ್ಚಿಕೊಂಡು ಓಡಿಹೋಗುತ್ತೆ, ನಿಮಗೇನು ಗೊತ್ತು?’ ಎಂದಳು. ಸಿದ್ದಮಾದ ಅವಳ ಗಂಟನ್ನು ಬಿಡಿಸುತ್ತಲೇ, ‘ಓದ್ರೆ ಓಗ್ಲಿ ಕಣವ್ವಾ, ನಾನು ಉಡುಕ್ಕೊಂಡು ಬತ್ತೀನಿ. ಕಗ್ಗಂಟು ಮಾತ್ರ ಈ ಜಾಗದಲ್ಲಿ ಬ್ಯಾಡ’ ಎಂದ. ಅವಳು ಕಾರಣ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗಿ ಅಂದೇ ಗಂಟುಮೂಟೆ ಕಟ್ಟುತ್ತಿದ್ದಳೋ ಏನೋ. ನನಗೆ ಇದನ್ನು ಮೊದಲು ಹೇಳಿದವಳು ನನ್ನ ತಂದೆಯ ಸೋದರತ್ತೆ. ಕೇಳುತ್ತಿದ್ದಂತೆ ನಾನು ಅರ್ಧ ಉಂಡ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಿದ್ದೆ.

ಹಿಂದೆ ಒಮ್ಮೆ, ಮೂಡಲಗೆರೆಯಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಘಟ್ಟದ ಕೆಳಗಿನ ಸಂತೆಯಲ್ಲಿ ಇಪ್ಪತ್ತನಾಲ್ಕು ಕುದುರೆಗಳನ್ನು ಕೊಂಡು ಈ ಕಾಡಿನ ದಾರಿಯಲ್ಲಿ ಹೊಡೆದುಕೊಂಡು ಬರುತ್ತಿದ್ದರಂತೆ. ತಂಡದ ಹಿರಿಯ, ಪಾಳೆಯಗಾರನ ಲಾಯದ ಮುಖ್ಯಸ್ಥ ಸಿಂಗಪ್ಪ ರಾವುತ. ಅವನ ಕೈಕೆಳಗೆ ಎಂಟು ಜನ ಸವಾರರು. ಹುಲ್ಲು ಕೊಯ್ದು ಹಾಕಲು, ಮೈ ತಿಕ್ಕಲು, ಹುರುಳಿ ಬೇಯಿಸಲು ಮಾಕವ್ವ ಎಂಬ ಹೆಂಗಸು. ಸಿಂಗಪ್ಪ ಕುದುರೆಯ ವಿಷಯದಲ್ಲಿ ಆ ಸೀಮೆಗೇ ಹೆಸರಾದವನು. ಲಾಯಕ್ಕೆ ಹೊಸದಾಗಿ ಸೇರಿದವರಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠವೇ ಗಂಟು ಹಾಕುವುದು: ಕುದುರೆ ಹೆದರುವ ಪ್ರಾಣಿ, ಅದನ್ನು ಕಟ್ಟುವ ಗಂಟು ಯಾವತ್ತೂ ಒಂದೇ ಎಳೆತಕ್ಕೆ ಬಿಚ್ಚಬೇಕು, ಇಲ್ಲದಿದ್ದರೆ ಕಟ್ಟಲೇಬೇಡಿ ಎನ್ನುತ್ತಿದ್ದನಂತೆ. ಮಾಕವ್ವ ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಲಾಯಕ್ಕೆ ಬಂದವಳು. ಗಂಟು ಹಾಕುವುದನ್ನು ಅವಳಿಗೆ ಕಲಿಸಿದವನೂ ಅವನೇ. ಅವನನ್ನು ಅವಳು ಅಣ್ಣಯ್ಯ ಎಂದೇ ಕರೆಯುತ್ತಿದ್ದಳು.

ಆ ಸಲ ಕೊಂಡ ಕುದುರೆಗಳಲ್ಲಿ ಒಂದು ಬೂದುಬಣ್ಣದ್ದು ಮಹಾ ಕಿಲಾಡಿ. ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿ ಜಗ್ಗಿ ತನ್ನ ಗಂಟನ್ನು ಬಿಚ್ಚಿಕೊಳ್ಳುತ್ತಿತ್ತು, ಸಾಲದೆಂದು ಪಕ್ಕದ ಕುದುರೆಯ ಗಂಟನ್ನೂ ಬಿಚ್ಚುತ್ತಿತ್ತು. ದಾರಿಯ ಎರಡನೆಯ ಬಿಡಾರದಲ್ಲಿ ಅದೂ ಅದರ ಜೊತೆಯದೂ ಹೀಗೆ ಬಿಡಿಸಿಕೊಂಡು ಹೋದವು. ಒಂದು ಹುಲಿಯ ಪಾಲಾಯಿತು, ಇನ್ನೊಂದು ಕಮರಿಗೆ ಬಿತ್ತು. ಸುದ್ದಿ ಮುಟ್ಟಿಸಲು ಹೋದವನು ಪಾಳೆಯಗಾರನ ಉತ್ತರವನ್ನೂ ಹೊತ್ತು ಬಂದ: ಇನ್ನೊಂದು ಕುದುರೆ ಕಡಿಮೆಯಾದರೆ ಸಿಂಗಪ್ಪ ಊರೊಳಗೆ ಬರುವುದು ಬೇಡ, ರಾವುತಿಕೆ ಅವನ ಭಾವಮೈದುನನಿಗೆ ಹೋಗುತ್ತದೆ. ಸಿಂಗಪ್ಪನ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಬಂದ ರಾವುತಿಕೆ ಅದು.

ಮರುದಿನ ಬೆಳಗಿನ ಹೊತ್ತೇರಿದ ಮೇಲೆ ಈ ಬಯಲಿಗೆ ಬಂದು ಇಳಿದರು. ಊರಿಗೆ ಎರಡೇ ಹರಿದಾರಿ ಉಳಿದಿತ್ತು. ಆದರೆ ಬಿಸಿಲು ಕೆಟ್ಟದಾಗಿತ್ತು. ಕುದುರೆಗಳು, ಅದರಲ್ಲೂ ಕೆಂಪಿ ಎಂಬ ಗಬ್ಬದ ಕುದುರೆ, ಬಳಲಿದ್ದವು. ಬಿಸಿಲು ಇಳಿಯುವವರೆಗೆ ತಂಗಿ ಹೋಗೋಣ ಎಂದುಕೊಂಡರು. ಕಾಡಿನ ಪೋಡಿನಿಂದ, ಎಂದರೆ ಸೋಲಿಗರ ಹಾಡಿಯಿಂದ, ಬಂದ ಮುದುಕನೊಬ್ಬ ಬೂರುಗದ ಕೊಂಬೆಗಳತ್ತ ಕೈ ತೋರಿಸಿ, ‘ಬುದ್ಧೀ, ಮ್ಯಾಕೆ ಏಳು ಹುಟ್ಟು ಹೆಜ್ಜೇನು ಅದೆ. ಬೆಂಕಿ ಹಚ್ಚಬ್ಯಾಡಿ, ಹೊಗೆ ತಾಕದಂಗೆ ನೋಡ್ಕಳಿ’ ಎಂದ. ಸಿಂಗಪ್ಪ ಆ ಮಾತಿಗೆ ಬೆಲೆ ಕೊಟ್ಟ. ಒಲೆ ಹೂಡಲಿಲ್ಲ, ಚುಟ್ಟಾ ಸಹ ಹಚ್ಚಲು ಬಿಡಲಿಲ್ಲ. ಹಾಗಾಗಿ ಬೆಂಕಿಯ ತಪ್ಪನ್ನು ಅವನ ತಲೆಗೆ ಕಟ್ಟುವವರು ಸುಮ್ಮನೆ ಬಾಯಿಗೆ ಬಂದದ್ದು ಆಡುತ್ತಾರೆ.

ಅವನು ಮಾಡಿದ್ದು ಬೇರೆ. ಇಪ್ಪತ್ತೆರಡು ಕುದುರೆಗಳನ್ನೂ ಬಯಲಿನ ಅಂಚಿನ ಇಪ್ಪತ್ತೆರಡು ಮರಗಳ ಬಳಿ ಸಾಲಾಗಿ ನಿಲ್ಲಿಸಿ, ಒಂದೊಂದು ಗಂಟನ್ನೂ ತಾನೇ ಕೈಯಾರ ಹಾಕಿದ. ಒಂದರ ಮೇಲೊಂದು ಮೂರು ಸುತ್ತಿನ ಕಗ್ಗಂಟು. ಅಷ್ಟಕ್ಕೇ ನಿಲ್ಲಲಿಲ್ಲ. ಹಳ್ಳದಿಂದ ನೀರು ತರಿಸಿ ಗಂಟುಗಳ ಮೇಲೆ ಸುರಿಸಿದ. ಪುಂಡಿನಾರಿನ ಹಗ್ಗ ನೀರು ಕುಡಿದರೆ ಉಬ್ಬಿ ಬಿಗಿಯುತ್ತದೆ. ಆಮೇಲೆ ಕುದುರೆಯ ಹಲ್ಲಿರಲಿ, ಮನುಷ್ಯನ ಉಗುರೂ ಅದರೊಳಗೆ ಹೋಗುವುದಿಲ್ಲ. ಇದನ್ನು ಕುದುರೆ ಸಾಕಿದವರು ಯಾರೂ ಯೋಚಿಸುವುದೂ ಇಲ್ಲ, ಮಾಡುವುದೂ ಇಲ್ಲ. ಮಾಕವ್ವ ಹುಲ್ಲಿನ ಹೊರೆ ಇಳಿಸಿ ಬಂದು ನೋಡಿದವಳು ಗಾಬರಿಯಾದಳು.

‘ಅಣ್ಣಯ್ಯಾ, ಇದೇನ ಮಾಡ್ಬುಟ್ಟೆ? ಕುದುರಗ ಕಗ್ಗಂಟು ಆಕ್ತಾರಾ? ಬ್ಯಾಡ ಅಂತ ನಮಗ ಕಲ್ಸಿದೋನು ನೀನೇ ಅಲ್ವಾ?’

‘ಸುಮ್ಕಿರು ಮಾಕಿ. ಓದ ಎರಡ ನೀನು ತಂದುಕೊಟ್ಟಿಯಾ?’

‘ಎಲ್ಲದ್ಕೂ ಬ್ಯಾಡ, ಕೆಂಪೀದಾದ್ರೂ ಬುಚ್ಚು. ಅದು ಎಲ್ಲಿಗೂ ಓಗಲ್ಲ. ಒಟ್ಟೇಲಿ ಮರಿ ಅದೆ ಕಣಣ್ಣಯ್ಯಾ.’

‘ಸಂಜೆಗಂಟ ತಾನೇ? ಹೊತ್ತಿಳೀಲಿ, ನಾನೇ ಬುಚ್ಚುತೀನಿ’ ಎಂದು ಸಿಂಗಪ್ಪ ಮುಖ ತಿರುಗಿಸಿದ. ಸಾಲಿನ ಒಂದು ತುದಿಯಿಂದ ಎಣಿಸಿದರೆ ಕೆಂಪಿಯದು ಹದಿನಾಲ್ಕನೆಯ ಮರ.

ನಡುಹಗಲು. ಎಲೆ ಅಲುಗುತ್ತಿರಲಿಲ್ಲ. ಸವಾರರು ನೆರಳಿನಲ್ಲಿ ಒರಗಿದ್ದರು, ಒಬ್ಬಿಬ್ಬರು ಗೊರಕೆ ಹೊಡೆಯುತ್ತಿದ್ದರು. ಆಗ ಎಲ್ಲಿಂದಲೋ ಒಂದು ಗಿಡುಗ ಬಂದು ಮೇಲಿನ ಜೇನುಹುಟ್ಟಿಗೆ ಎರಗಿತು. ಜೇನುಹುಟ್ಟನ್ನು ಕಿತ್ತು ಮರಿಹುಳ ತಿನ್ನುವ ಹಕ್ಕಿ ಅದು. ನಾನೂ ಒಂದೆರಡು ಸಲ ಕಂಡಿದ್ದೇನೆ. ಕಾಲಿನಲ್ಲಿ ಒಂದು ತುಂಡು ಹರಿದುಕೊಂಡು ಅದರ ಪಾಡಿಗೆ ಅದು ಹಾರಿಹೋಯಿತು. ಏಳು ಹುಟ್ಟೂ ಒಟ್ಟಿಗೆ ಎದ್ದವು. ಬಯಲಿನ ಮೇಲೆ ಬಿಸಿಲೇ ಕಪ್ಪಾಯಿತು ಎನ್ನುತ್ತಾರೆ. ಹಕ್ಕಿ ಸಿಗದ ಸಿಟ್ಟನ್ನೆಲ್ಲ ಆ ಜೇನು ಕೆಳಗೆ ಬೆವರು ನಾರುತ್ತಾ ನಿಂತಿದ್ದ ಕುದುರೆಗಳ ಮೇಲೆ ತೀರಿಸಿಕೊಂಡಿತು.

ಒಂಬತ್ತು ಗಂಡಸರೂ ಮಡುವಿಗೆ ಓಡಿದರು. ಸಿಂಗಪ್ಪನೂ ಓಡಿದ. ಕತ್ತಿನವರೆಗೆ ಮುಳುಗಿ, ಉಸಿರಿಗೆ ಮಾತ್ರ ಮುಖ ಎತ್ತಿ, ಮತ್ತೆ ಮುಳುಗಿ, ಅಲ್ಲೇ ಕೂತರು. ಒಬ್ಬೊಬ್ಬನ ಸೊಂಟದಲ್ಲೂ ಚೂರಿ ಇತ್ತು. ಇದನ್ನು ನನ್ನ ತಂದೆಯ ಸೋದರತ್ತೆ ಎರಡೆರಡು ಸಲ ಹೇಳುತ್ತಿದ್ದಳು, ನಾನೂ ಹೇಳುತ್ತೇನೆ: ಒಂಬತ್ತು ಸೊಂಟದಲ್ಲಿ ಒಂಬತ್ತು ಚೂರಿ ಇತ್ತು. ಕುದುರೆಗಳು ಕಿರುಚುವುದನ್ನು ನೀವು ಕೇಳಿರಲಾರಿರಿ. ಕೆನೆಯುವುದು ಬೇರೆ, ಕಿರುಚುವುದೇ ಬೇರೆ. ಬಿಡಿಸಿಕೊಳ್ಳಲೆಂದು ಅವು ಹಿಂದಕ್ಕೆ ಜಗ್ಗಿದಷ್ಟೂ ಒದ್ದೆ ಗಂಟು ಬಿಗಿಯಿತು.

ಮಾಕವ್ವ ನೀರಿಗೆ ಹೋಗಲಿಲ್ಲ. ತಲೆಯ ಮೇಲಿಂದ ಕಂಬಳಿ ಹೊದ್ದು, ಹುಲ್ಲು ಕೊಯ್ಯುವ ಕುಡುಗೋಲು ಹಿಡಿದು ಸಾಲಿನ ತುದಿಗೆ ನಡೆದಳು. ಮೊದಲ ಮರದ ಹಗ್ಗ ಕೊಯ್ದಳು, ಕುದುರೆ ಹೋಯಿತು. ಎರಡನೆಯದು ಕೊಯ್ದಳು. ನಾಲ್ಕನೆಯ ಮರದ ಹತ್ತಿರ ಹುಚ್ಚೆದ್ದ ಕುದುರೆಯೊಂದು ಅವಳ ಕಂಬಳಿ ಎಳೆದು ತುಳಿಯಿತು. ಅದನ್ನು ಎತ್ತಿಕೊಳ್ಳಲೂ ಅವಳು ಬಗ್ಗಲಿಲ್ಲ. ಹಾಗೇ ಹೊದಿಕೆಯಿಲ್ಲದೆ ಮುಂದಿನ ಮರಕ್ಕೆ ಹೋದಳು. ನೇರ ಹದಿನಾಲ್ಕನೆಯ ಮರಕ್ಕೆ ಹೋಗಿದ್ದರೆ ಕೆಂಪಿಯನ್ನು ಬಿಡಿಸಿ ತಾನೂ ಉಳಿಯಬಹುದಾಗಿತ್ತು. ನಡುವಿನ ಕುದುರೆಗಳನ್ನು ದಾಟಿ ಹೋಗಲು ಅವಳಿಗೆ ಆಗಲಿಲ್ಲವೇನೋ. ಮಡುವಿನಲ್ಲಿದ್ದವರಿಗೆ ಅವಳು ಕಾಣುತ್ತಲೇ ಇದ್ದಳು. ಹತ್ತನೆಯ ಮರದ ಬಳಿ ಅವಳ ಕಣ್ಣು ಮುಚ್ಚಿಹೋಗಿತ್ತು, ಹಗ್ಗವನ್ನು ಕೈಯಿಂದ ತಡವಿ ಹುಡುಕುತ್ತಿದ್ದಳು. ‘ಅಣ್ಣಯ್ಯಾ, ಚೂರಿ ತತ್ತಾರೋ’ ಎಂದು ಒಂದು ಸಲ ಕೂಗಿದಳಂತೆ. ಸಿಂಗಪ್ಪ ಎದ್ದು ನಿಂತ. ಮುಖಕ್ಕೆ ಜೇನು ಮುತ್ತಿದ್ದೇ ಮತ್ತೆ ಮುಳುಗಿದ.

ಹದಿಮೂರು ಹಗ್ಗ ಕೊಯ್ದಳು. ಹದಿನಾಲ್ಕನೆಯದರಲ್ಲಿ ಕುಡುಗೋಲು ಅರ್ಧ ಇಳಿದಿತ್ತು.

ಜೇನು ಶಾಂತವಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮಡುವಿನಿಂದ ಮೇಲೆ ಬಂದವರು ಕಂಡದ್ದು ಇಷ್ಟು: ಸಾಲಿನ ಆ ತುದಿಯ ಎಂಟು ಮರಗಳ ಕೆಳಗೆ ಎಂಟು ಕುದುರೆಗಳು ಸತ್ತು ಬಿದ್ದಿದ್ದವು, ಎಂಟೂ ಗಂಟುಗಳು ಹಾಕಿದಂತೆಯೇ ಇದ್ದವು. ಹದಿನಾಲ್ಕನೆಯ ಮರದ ಬುಡದಲ್ಲಿ ಮಾಕವ್ವ ಬಿದ್ದಿದ್ದಳು. ಮುಖ ನೋಡಿ ಇವಳೇ ಎಂದು ಹೇಳುವಂತಿರಲಿಲ್ಲ, ಕುಡುಗೋಲು ಇನ್ನೂ ಕೈಯಲ್ಲೇ ಇತ್ತು. ಕೆಂಪಿ ಇರಲಿಲ್ಲ. ಉಳಿದರ್ಧ ಹಗ್ಗವನ್ನು ಅದೇ ಜಗ್ಗಿ ಹರಿದುಕೊಂಡು ಹೋಗಿತ್ತು.

ಮರುದಿನ ಸಿಂಗಪ್ಪ ಊರು ಮುಟ್ಟುವ ಹೊತ್ತಿಗೆ ಕೆಂಪಿ ಪಾಳೆಯಗಾರನ ಬಾಗಿಲಲ್ಲಿ ನಿಂತಿತ್ತು. ಮೈಯೆಲ್ಲ ಊದಿತ್ತು, ಕೊರಳಲ್ಲಿ ಹರಿದ ಹಗ್ಗ ನೇತಾಡುತ್ತಿತ್ತು. ಪಾಳೆಯಗಾರ ಕುದುರೆಗಳ ಲೆಕ್ಕ ಕೇಳಲಿಲ್ಲವಂತೆ. ಬಯಲಿಗೆ ಆಳು ಕಳಿಸಿ ತರಿಸಿದ್ದ ಗಂಟೊಂದನ್ನು ಅವನ ಮುಂದೆ ಹಾಕಿ, ‘ಯಾರಯ್ಯಾ ಇದನ್ನು ಹಾಕಿದವರು?’ ಎಂದಷ್ಟೇ ಕೇಳಿದ.

‘ನಾನು’ ಎಂದ ಸಿಂಗಪ್ಪ.

ಅವನು ರಾವುತಿಕೆಯನ್ನು ತಾನಾಗಿಯೇ ಬಿಟ್ಟುಕೊಟ್ಟು ಈ ಬಯಲಿಗೆ ಬಂದು ಗುಡಿಸಲು ಹಾಕಿಕೊಂಡ. ಇಪ್ಪತ್ತು ವರ್ಷ ಬದುಕಿದ. ಈ ದಾರಿಯಲ್ಲಿ ಕುದುರೆ ತಂದು ಇಳಿದವರ ಹಗ್ಗಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡುತ್ತಿದ್ದ. ಕಗ್ಗಂಟು ಕಂಡರೆ ಕೂತು ಹಲ್ಲಿನಲ್ಲಿ ಬಿಡಿಸುತ್ತಿದ್ದನಂತೆ. ಹೆಸರು ನಿಂತದ್ದು ಆಗಲೇ. ಮಾಕವ್ವನ ಬಯಲು ಎಂದು ಕರೆಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಊರವರು ಹಾಗೇ ಕರೆಯಲು ಹೊರಟಿದ್ದರು, ಸಿಂಗಪ್ಪನೇ ಒಪ್ಪಲಿಲ್ಲ ಎನ್ನುತ್ತಾರೆ. ಹಾಗೆ ಕರೆದರೆ ಅವಳು ಸತ್ತದ್ದು ನೆನಪಿರುತ್ತದೆ, ಯಾತರಿಂದ ಸತ್ತಳು ಎನ್ನುವುದು ಮರೆತುಹೋಗುತ್ತದೆ ಎಂದನಂತೆ.

ಮಡುವಿನ ದಂಡೆಯಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿದೆ. ಸಿಂಗಪ್ಪ ಸಾಯುವ ಮುಂಚೆ ಕೆತ್ತಿಸಿದ್ದು. ಮೇಲಿನ ಸಾಲಿನಲ್ಲಿ ಕುದುರೆಗಳು, ಮಧ್ಯದಲ್ಲಿ ಕುಡುಗೋಲು ಎತ್ತಿದ ಹೆಂಗಸು. ಕಲ್ಲು ನಿಲ್ಲಿಸುವವನ ರೂಪವನ್ನೂ ಒಂದು ಮೂಲೆಯಲ್ಲಿ ಕೈಮುಗಿದ ಹಾಗೆ ಕೆತ್ತುವುದು ವಾಡಿಕೆ. ಕಲ್ಲುಕುಟಿಗ, ‘ನಿಮ್ಮನ್ನ ಎಲ್ಲಿ ಕೆತ್ತಲಿ ರಾವುತ್ರೇ?’ ಎಂದು ಕೇಳಿದಾಗ ಸಿಂಗಪ್ಪ, ‘ನೀರಲ್ಲಿ. ಬರೀ ತಲೆ’ ಎಂದ. ಇಂದಿನ ಸವಾರರು ಡೇರೆಯಿಂದ ಹಲ್ಲುಜ್ಜಲು ಮಡುವಿಗೆ ಬಂದವರು ಆ ಕಲ್ಲಿನ ಕೆಳಸಾಲಿನಲ್ಲಿರುವ ಉರುಟು ಗುಂಡುಗಳನ್ನು ನೋಡಿ ತಾವರೆ ಮೊಗ್ಗು ಎಂದುಕೊಳ್ಳುತ್ತಾರೆ. ಚೆಂದ ಕಾಣುತ್ತದೆಂದು ಪಟ ಹಿಡಿಯುತ್ತಾರೆ. ಕೆಲವರು ಭಕ್ತಿಯಿಂದ ಕುಂಕುಮವನ್ನೂ ಹಚ್ಚುತ್ತಾರೆ. ಅವು ಒಂಬತ್ತು ಇವೆ. ಬಗ್ಗಿ ನೋಡಿದರೆ ಒಂದೊಂದಕ್ಕೂ ಕಣ್ಣು ಕೆತ್ತಿರುವುದು ಕಾಣುತ್ತದೆ, ಒಂಬತ್ತು ಜೊತೆ ಕಣ್ಣುಗಳೂ ಅಗಲವಾಗಿ ತೆರೆದು ಮೇಲಿನ ಹೆಂಗಸನ್ನೇ ನೋಡುತ್ತಿವೆ.