ಒಂಟಿಕೋರೆಯ ತಿಥಿ

ಆ ಆನೆ ಸತ್ತಾಗ ಊರು ಅತ್ತಷ್ಟು ಯಾವ ಮನುಷ್ಯನ ಹೆಣಕ್ಕೂ ಅತ್ತಿದ್ದಿಲ್ಲ. ಗಂಡ ಸತ್ತಾಗ ಕಣ್ಣು ಒದ್ದೆ ಮಾಡಿಕೊಳ್ಳದ ಹೆಂಗಸರೂ ಸೆರಗು ಹಿಂಡಿದರು. ಹೆಸರು ಬೇಡ ಬಿಡಿ.

ಒಂಟಿಕೋರೆ ಅಂತ ಆನೆಯ ಹೆಸರು. ದಿನಾ ಸಂಜೆ ಕೆಂಚಯ್ಯ ತಾತನ ಆಶ್ರಮದ ಎದುರು ಹೊಳೆಗಿಳೀತಿತ್ತು. ಪಟ್ಟಣದ ದೊಡ್ಡಮನುಷ್ಯನೊಬ್ಬ ಶೋಕಿಗೆ ಗುಂಡು ಹೊಡೆದ. ಬಿದ್ದ ಆನೆಯ ತಲೆ ಮೇಲೆ ಕಾಲಿಟ್ಟು ಫೋಟೋ ಬೇರೆ ತೆಗೆಸಿಕೊಂಡ, ಅವನ ಕೈ ಸೇದುಹೋಗ.

ಅವನ ಜೀಪು ಹೋದ ಮೇಲೆ ತಾತನ ಶಿಷ್ಯ ಮರಿಲಿಂಗ ಓಡಿಹೋದ. ಆನೆಗೆ ಇನ್ನೂ ಉಸಿರಿತ್ತು. ಸಾಯೋ ಮನುಷ್ಯನ ಬಾಯಿಗೆ ನೀರು ಬಿಡ್ತಾರಲ್ಲ, ಹಾಗೇ ಚೆಂಬಲ್ಲಿ ನೀರು ಬಿಟ್ಟ. ಗೋಳೋ ಅಂತ ಅತ್ತ.

ಅದು ಪೇಪರಿನಲ್ಲಿ ಬಂತು. ಆಮೇಲೆ ಮರಿಲಿಂಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹನ್ನೊಂದನೇ ದಿನ ತಿಥಿ. ಹೊಳೆ ಮರಳಲ್ಲಿ ಪೆಂಡಾಲು, ಆನೆಯ ಫೋಟೋ ಮುಂದೆ ಎಡೆ. ಕಬ್ಬು, ಬೆಲ್ಲ, ಬಾಳೆಗೊನೆ. ಎಲ್ಲರಿಗಿಂತ ಜೋರಾಗಿ ಎದೆ ಬಡ್ಕೊಂಡೋನು ಕೋಳಿ ಶೆಡ್ಡಿನ ನಂಜೇಗೌಡ. ತಿಥಿ ಅಂದಮೇಲೆ ಬಾಡೂಟ ಆಗಬೇಕಲ್ಲ? ಕೋಳಿ ಅವನದೇ, ಧರ್ಮಕ್ಕೆ. ಆಶ್ರಮದೊಳಗೆ ಬಾಡು ಬೇಯಿಸೋ ಹಾಗಿಲ್ಲ ಅಂತ ಗೋಡೆಯಾಚೆ ಒಲೆ ಹೂಡಿದರು.

ಮರಿಲಿಂಗ ತಾತನ ಮುಂದೆ ನಿಂತ.

“ತಾತ, ಇವತ್ತು ನನಗೆ ಬೆತ್ತ ಕೊಡ್ತೀನಿ ಅಂದಿದ್ರಿ. ನಿಮ್ಮ ನಂತರ ಗದ್ದಿಗೆ ನನಗೇ ಅಂದಿದ್ರಿ.”

“ಅಂದಿದ್ದೆ.”

“ಅದಕ್ಕೂ ಮುಂಚೆ ಆ ಕೊಲೆಗಡುಕನಿಗೆ ಶಾಪ ಹಾಕಿ. ಊರೆಲ್ಲ ಕಾಯ್ತಿದೆ.”

“ಅವನ ತಪ್ಪೇನೋ?”

“ಏನು ಅಂತೀರಲ್ಲ! ಅವನೇನು ಹೊಟ್ಟೆಗಿಲ್ಲದೆ ಕೊಂದನಾ? ಖುಷಿಗೆ ಕೊಂದ.”

ಅಷ್ಟೊತ್ತಿಗೆ ನಂಜೇಗೌಡನ ಲಾರಿ ಬಂತು.

ನೂರೆಂಬತ್ತು ಕೋಳಿ. ಪ್ಲಾಸ್ಟಿಕ್ ಗೂಡುಗಳು ಒಂದರ ಮೇಲೊಂದು, ಮೇಲಿನದರ ಹೇಲು ಕೆಳಗಿನದರ ಬೆನ್ನ ಮೇಲೆ. ಹುಟ್ಟಿ ನಲವತ್ತು ದಿನ ಆಗಿತ್ತೋ ಇಲ್ಲವೋ, ಮೈ ಮಾತ್ರ ಕಾಲು ಹೊರಲಾರದಷ್ಟು ಊದಿತ್ತು. ನಿಂತರೆ ಕುಸೀತಿದ್ದವು. ಬಿಸಿಲು ಕಂಡದ್ದೇ ಅವತ್ತು.

ತಾತ ಚೆಂಬು ತುಂಬಿಸಿ ಶಿಷ್ಯನ ಕೈಗಿಟ್ಟ.

“ಇವುಗಳ ಬಾಯಿಗೂ ಬಿಡು. ಒಂದೊಂದನ್ನೂ ಕೈಲಿ ಹಿಡಿದು, ಕಣ್ಣು ನೋಡಿ ಬಿಡು. ಕೊನೇದಕ್ಕೆ ಬಿಟ್ಟು ಬಾ. ಶಾಪವೂ ಹಾಕ್ತೀನಿ, ಬೆತ್ತವೂ ಕೊಡ್ತೀನಿ.”

“ಕೋಳಿಗಾ? ಊರೋರು ನಗ್ತಾರೆ ತಾತ.”

“ಆನೆಗೆ ಬಿಟ್ಟಾಗ ನಕ್ಕರಾ?”

ಮರಿಲಿಂಗ ಹೋದ. ಮೊದಲನೆಯದಕ್ಕೆ ಬಿಟ್ಟ, ಎರಡನೆಯದಕ್ಕೆ ಬಿಟ್ಟ. ಐದನೆಯದು ನೀರು ಗಂಟಲಿಗಿಳಿಯೋ ಮುಂಚೆ ಅವನ ಕೈಯಲ್ಲೇ ಕತ್ತು ವಾಲಿಸಿತು. ಅದನ್ನು ಪಕ್ಕಕ್ಕಿಟ್ಟು ಆರನೆಯದನ್ನು ಎತ್ತಿಕೊಂಡ.

“ಏನು ಬುದ್ಧೀ, ಕೋಳಿಗೆ ಲಗ್ನ ಮಾಡಿಸ್ತಿದ್ದೀರಾ?” ಅಡಿಗೆ ಮುದ್ದಣ್ಣ ಕತ್ತಿ ಹಿಡಿದೇ ಕೂಗಿದ. “ಎಸರು ಕುದ್ದು ಅರ್ಧ ಆಯ್ತು!”

“ಇವಕ್ಕೇನು ಹೆಸರಾ, ಕುಲವಾ?” ನಂಜೇಗೌಡ ಹಲ್ಲು ಕಿರಿದ. “ಶೆಡ್ಡಲ್ಲಿ ಇನ್ನೂ ಹತ್ತು ಸಾವಿರ ಇದೆ, ಬನ್ನಿ, ವರ್ಷವೆಲ್ಲ ಬಿಡೋರಂತೆ!”

ಪೆಂಡಾಲೆಲ್ಲ ನಕ್ಕಿತು. ಮರಿಲಿಂಗನೂ ನಗೋಕೆ ನೋಡಿದ.

ಹನ್ನೊಂದನೆಯದು ಗಟಗಟ ಕುಡಿಯಿತು. ಕುಡಿದು, ಇನ್ನೂ ಬೇಕು ಅನ್ನೋ ಹಾಗೆ ಕತ್ತೆತ್ತಿ ಅವನನ್ನೇ ನೋಡಿತು.

ಅವನು ಮುಖ ಆಚೆ ತಿರುಗಿಸಿದ. ಮುದ್ದಣ್ಣ ಅದನ್ನು ಕೈಯಿಂದ ಕಿತ್ತುಕೊಂಡು ಹೋದ.

ಮರಿಲಿಂಗ ಚೆಂಬು ಕೆಳಗಿಟ್ಟ. ಹೊಳೆಯಲ್ಲಿ ಕೈ ತೊಳೆದು ಬಡಿಸೋಕೆ ನಿಂತ. ಜನ ಮೂಳೆ ಚೀಪ್ತಾ ಚೀಪ್ತಾ ಬೇಟೆಗಾರನ ವಂಶಕ್ಕೆಲ್ಲ ಬೈದರು. ಬೈದಷ್ಟೂ ಮರಿಲಿಂಗ ಸಾರು ಬಿಟ್ಟ.

ಹೊತ್ತು ಮುಳುಗೋವಾಗ ತಾತನ ಹತ್ತಿರ ಬಂದ. ಹೊಳೆಯಲ್ಲಿ ನೀರು ಕುಡಿಯೋಕೆ ಯಾವ ಆನೆಯೂ ಇರಲಿಲ್ಲ. ಮರಳ ತುಂಬಾ ಬಿಳಿ ಪುಕ್ಕ.

“ಎಷ್ಟಕ್ಕೆ ಬಿಟ್ಟೆ?”

“ಹನ್ನೊಂದು.”

“ಆಮೇಲೆ?”

“ಜನ ನಗ್ತಿದ್ರು ತಾತ. ಎಲೆ ಹಾಕಿಯಾಗಿತ್ತು.”

ತಾತ ಬೆತ್ತ ಕೈಗೆತ್ತಿಕೊಂಡ. ಮರಿಲಿಂಗ ಮಂಡಿಯೂರಿ ಎರಡೂ ಕೈ ಚಾಚಿದ.

ತಾತ ಬೆತ್ತವನ್ನು ಹಾಗೇ ಗೋಡೆಗೆ ಒರಗಿಸಿ, ಚೆಂಬು ತಗೊಂಡ.

“ಬಾಯಿ ತೆರಿ.”

ತೆರೆದ. ತಾತ ಹನಿಹನಿಯಾಗಿ ನೀರು ಬಿಟ್ಟ.

“ಇದು ಬೆತ್ತದ ತೀರ್ಥವಾ ತಾತ?”

“ಅಲ್ಲ ಕಣೋ. ಆವತ್ತು ಆನೆ ಹತ್ರ ಕೂತು ಅತ್ತನಲ್ಲ, ಅವನು ನಿನ್ನೊಳಗೇ ಸಾಯ್ತಾ ಇದ್ದಾನೆ. ಅವನ ಬಾಯಿಗೆ ನೀರು ಬಿಡೋರು ಯಾರೂ ಇರಲಿಲ್ಲ.”