ಐದು ಬೇಲಿಗಳ ಕಟ್ಟಳೆ

ಐದು ಬೇಲಿಗಳಲ್ಲಿ ಐದು ಪುಟ್ಟ ಹಕ್ಕಿಗಳಿದ್ದವು. ಒಂದೊಂದರ ದನಿ ಪಕ್ಕದ ಬೇಲಿಗಷ್ಟೇ ಮುಟ್ಟುತ್ತಿತ್ತು. ಅದಕ್ಕೇ ಅವು ಒಂದು ಕಟ್ಟಳೆ ಮಾಡಿಕೊಂಡಿದ್ದವು: ಮೊದಲು ನೆರೆಯ ಹಕ್ಕಿಯ ಹಾಡನ್ನು ಅದರ ಹೆಸರು ಹೇಳಿ ಹಾಡಬೇಕು, ಆಮೇಲೆ ತನ್ನದು.

ಗುಡ್ಡದ ನವಿಲು ಗುಡ್ಡಕ್ಕೆ ಅಂಟಿಕೊಂಡಿದ್ದ ಮೊದಲ ಬೇಲಿಗೆ ಬಂದು ನಕ್ಕಿತು. "ನೀವೇ ಹಾಡೋದು, ನೀವೇ ಕೇಳೋದು! ನನ್ನ ಕೂಗು ಮೂರು ಊರಿಗೆ ಕೇಳುತ್ತದೆ, ಗೊತ್ತೇನ್ರೋ?"

"ನಾವು ಐದು ಜನ ಇದ್ದೇವಲ್ಲಣ್ಣ, ಸಾಕು," ಎಂದಿತು ಅಲ್ಲಿನ ಪಿಕಳಾರ.

ಮರುದಿನ ಕೊನೆಯ ಬೇಲಿಯ ಬುಡದಲ್ಲಿದ್ದ ನವಿಲಿನ ನಾಲ್ಕು ಮೊಟ್ಟೆಗಳತ್ತ ಉಡವೊಂದು ಬಂತು. ಹೆಣ್ಣು ನವಿಲು ಮೇಯಲು ಹೋಗಿತ್ತು. ಆ ಬೇಲಿಯ ಸೂರಕ್ಕಿ ಚೀರಿತು. "ಮೊಟ್ಟೆಗೆ ಉಡ ಬಂತು, ಸೂರಕ್ಕಿ ಹೇಳಿದ್ದು!" ಎಂದಿತು ಪಕ್ಕದ ಗುಬ್ಬಿ. ಅದೇ ಮಾತು ಬೇಲಿಯಿಂದ ಬೇಲಿಗೆ ದಾಟಿ, ಪಿಕಳಾರದ ಬಾಯಿಂದ ಗುಡ್ಡ ಮುಟ್ಟಿತು. ನವಿಲು ಹಾರಿ ಬಂದು ಉಡವನ್ನು ಕುಕ್ಕಿ ಓಡಿಸಿತು. ನಾಲ್ಕು ಮೊಟ್ಟೆಗಳೂ ಉಳಿದವು.

"ನಿನ್ನ ದನಿ ಅಷ್ಟು ದೂರ ಹೇಗೆ ಬಂತೇ?" ಎಂದು ನವಿಲು ಸೂರಕ್ಕಿಯನ್ನು ಕೇಳಿತು.

"ನಾನು ದಾಟಿಸಿದ್ದು ಒಂದೇ ಬೇಲಿ. ಉಳಿದದ್ದನ್ನು ದಾಟಿಸಿದ್ದು ಆ ನಾಲ್ವರು," ಎಂದಿತು ಸೂರಕ್ಕಿ.

ಮಾರನೆಯ ಬೆಳಿಗ್ಗೆ ನವಿಲು ಗುಡ್ಡವೇರಿ, ಮೂರು ಊರಿಗೂ ಕೇಳುವಂತೆ ಮೊದಲು ಸೂರಕ್ಕಿಯ ಹಾಡನ್ನು ಹೆಸರು ಹೇಳಿ ಹಾಡಿತು. ಆಮೇಲೆ ತನ್ನದನ್ನು ಕೂಗಿತು.

ಐದು ಬೇಲಿಗಳೂ ಕೇಕೆ ಹಾಕಿದವು. "ಈಗ ನಾವು ಆರು ಜನ," ಎಂದಿತು ಪಿಕಳಾರ.