ಕೋತಿ ಕದ್ದ ಹಾಳೆ, ಸಣ್ಣಜ್ಜಿಯ ಸೇಬಿನ ಸಿಹಿ

ಬನ್ನಿ ಬನ್ನಿ, ಮೂಗು ಒರೆಸ್ಕೊಂಡು ಬಂದು ಕೂತ್ಕೊಳ್ಳಿ. ಕಾಲು ಚಾಚಬೇಡಿ, ಮುಂದೆ ಕೂತವರಿಗೆ ತಾಗತ್ತೆ. ಹೂಂಗುಟ್ಟಬೇಕು ಮತ್ತೆ. ಹೂಂ ಅನ್ನದಿದ್ರೆ ನಾನು ಅರ್ಧಕ್ಕೇ ಎದ್ದು ಹೋಗ್ತೀನಿ.

ಒಂದು ಊರು. ಊರಲ್ಲೊಂದು ಬೀದಿ. ಬೀದೀಲೊಂದು ಮನೆ. ಮನೇಲೊಬ್ಬಳು ಅಜ್ಜಿ. ಹೆಸರು ಸಣ್ಣಜ್ಜಿ. ಹೆಸರಷ್ಟೇ ಸಣ್ಣ, ಬಾಯಿ ದೊಡ್ಡದು. ಅವಳು ಈ ಬೀದೀಲಿ ಸೀನಿದ್ರೆ ಆ ಬೀದೀಲಿ ಮಲಗಿದ ಮಗು ಎದ್ದು ಅಳೋದು.

ಸಣ್ಣಜ್ಜಿಗೆ ಒಬ್ಬಳು ಮೊಮ್ಮಗಳು. ಹೆಸರು ಹೊನ್ನಿ. ವಯಸ್ಸು ಆರು. ಹೊನ್ನಿಗೆ ಮೇಲೆರಡು ಹಲ್ಲು ಬಿದ್ದಿತ್ತು. ಕೆಳಗೆರಡು ಹಲ್ಲು ಬಿದ್ದಿತ್ತು. ಉಳಿದಿದ್ದೂ ಅಲ್ಲಾಡ್ತಿತ್ತು. ಹೊನ್ನಿಗೆ ಸೇಬು ಅಂದ್ರೆ ಪ್ರಾಣ. ಕಚ್ಚೋಣ ಅಂದ್ರೆ ಹಲ್ಲಿಲ್ಲ. ಹೋಳು ಮಾಡಿ ಕೊಟ್ರೆ ಒಸಡಿಗೆ ಚುಚ್ಚತ್ತೆ. ಸುಮ್ನೆ ನೆಕ್ಕಿದಳು. ಸೇಬು ನೆಕ್ಕಿದ್ರೆ ಏನು ಬರತ್ತೆ? ಜೊಲ್ಲು ಬರತ್ತೆ, ಅಷ್ಟೇ.

ಬೇಯಿಸಿ ಕೊಡ್ತೀನಿ ಅಂದಳು ಸಣ್ಣಜ್ಜಿ.

"ಅದು ಪಾಪುಗಳ ತಿಂಡಿ. ನಾನು ಪಾಪು ಅಲ್ಲ," ಅಂದಳು ಹೊನ್ನಿ. "ಹಲ್ಲು ಬಿದ್ದ ಮೇಲೆ ನನ್ನ ಬಾಯಿ ಕುರುಂ ಅಂದೇ ಇಲ್ಲ ಅಜ್ಜಿ. ನಂಗೆ ಕುರುಂ ಅನ್ನಬೇಕು."

ಹೇಳಿ ಅತ್ತಳು. ಮೂರು ದಿನದಿಂದ ಅದೇ ಅಳು. 

ಹೊನ್ನಿಯ ಅಮ್ಮ ಪೇಟೆ ಅಂಗಡಿಯಿಂದ ಒಂದು ಪೊಟ್ಟಣ ತಂದಳು. ಅದರೊಳಗೆ ಫಿಲೊ ಹಾಳೆ. ಬರೆಯೋ ಹಾಳೆ ಅಲ್ಲ, ತಿನ್ನೋ ಹಾಳೆ. ಮೈದಾ ಹಿಟ್ಟಿನ ಹಾಳೆ. ಈರುಳ್ಳಿ ಸಿಪ್ಪೆಯಷ್ಟು ತೆಳು. ಒಳಗೆ ಸೇಬಿಟ್ಟು ಕೆಂಪಗೆ ಬೇಯಿಸಿ, ಬಾಯಲ್ಲಿಟ್ಟು ನಾಲಿಗೇಲಿ ಒತ್ತಿದ್ರೆ ಸಾಕು, ಕುರುಂ ಅನ್ನತ್ತೆ. ಹಲ್ಲೇ ಬೇಡ.

"ಅವ್ವಾ, ಐಸ್ ಪೆಟ್ಟಿಗೇಲಿ ಇದ್ದಿದ್ದು, ಹೊರಗಿಡು, ಚಳಿ ಬಿಡಲಿ. ಒದ್ದೆ ಬಟ್ಟೆ ಮುಚ್ಚಿಡು," ಅಂತ ಹೇಳಿ ಅಮ್ಮ ಕೆಲಸಕ್ಕೆ ಹೋದಳು.

ಸಣ್ಣಜ್ಜಿ ಕೇಳಿಸ್ಕೊಂಡಳಾ? ಅರ್ಧ ಕೇಳಿಸ್ಕೊಂಡಳು. ಜೀವಮಾನವೆಲ್ಲ ಹಪ್ಪಳ ಒತ್ತಿದವಳಿಗೆ ಯಾರು ಹೇಳಿಕೊಡೋದು? ಹಪ್ಪಳ ಬಿಸಿಲಿಗೆ. ಸಂಡಿಗೆ ಬಿಸಿಲಿಗೆ. ಫಿಲೊನೂ ಬಿಸಿಲಿಗೆ. ಪೊಟ್ಟಣ ಎತ್ಕೊಂಡು ಮಾಳಿಗೆ ಹತ್ತಿದಳು. ಹಳೇ ಸೀರೆ ಹಾಸಿದಳು. ಮೊದಲು ಒಂದು ಹಾಳೆ ಬಿಡಿಸಿ ಹರವಿ, ಉಳಿದ ಪೊಟ್ಟಣ ಪಕ್ಕಕ್ಕಿಟ್ಟಳು. ಕಾಗೆ ಬರದಿರಲಿ ಅಂತ ಪಕ್ಕದಲ್ಲಿ ಕರೀ ಕೊಡೆ ಬಿಚ್ಚಿಟ್ಟಳು. ಸೇಬು ಬೇಯಿಸಕ್ಕೆ ಕೆಳಗಿಳಿದಳು.

ಕರೀ ಕೊಡೆ ಕಂಡ್ರೆ ಕಾಗೆ ಹೆದರತ್ತೆ. ಕೋತಿ ಹೆದರತ್ತಾ? ಕೋತಿ ಬಂತು. ಕೊಡೆ ನೆರಳಲ್ಲಿ ಕಾಲು ಮೇಲೆ ಕಾಲು ಹಾಕ್ಕೊಂಡು ಕೂತಿತು. ಹರವಿದ ಹಾಳೆ ಬಿಸಿಲಿಗೆ ಒಣಗಿ ಪುಡಿಪುಡಿ ಆಯ್ತು. ಉಳಿದ ಪೊಟ್ಟಣ ಎತ್ಕೊಂಡು ಕೋತಿ ಹಿತ್ತಲ ನುಗ್ಗೆಮರ ಹತ್ತಿತು.

ಇತ್ತ ಬಾಣಲೇಲಿ ಸೇಬು, ಸಕ್ಕರೆ, ಚಕ್ಕೆ ಪುಡಿ ಬೆಂದು ಘಮ್ ಅಂತಿದೆ. ಹಾಳೆ ತರಕ್ಕೆ ಮಾಳಿಗೆ ಹತ್ತಿದ್ರೆ ಹಾಳೆ ಇಲ್ಲ, ಪೊಟ್ಟಣ ನುಗ್ಗೆಮರದ ಮೇಲೆ ಕೋತಿ ಕೈಲಿದೆ. ಸಣ್ಣಜ್ಜಿ ಒಲೆ ಆರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮರದ ಕೆಳಗೆ ನಿಂತಳು.

"ಕೋತಿ ಕೋತಿ, ಹಾಳೆ ಕೊಡು.
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

"ಕೊಡಲ್ಲ," ಅಂತು ಕೋತಿ. "ಕೂರಕ್ಕೆ ಮೆತ್ತಗಿದೆ."

ಪೊಟ್ಟಣ ಅಡಿಗಿಟ್ಕೊಂಡು ಅದರ ಮೇಲೇ ಕೂತುಬಿಡ್ತು.

"ನಿನ್ನ ಮೂತಿಗೆ ಮಣ್ಣು ಹಾಕ," ಅಂತ ಬೈದು ಸಣ್ಣಜ್ಜಿ ಮರದ ಕಡೆ ತಿರುಗಿದಳು.

"ಮರ ಮರ, ಮೈ ಅಲ್ಲಾಡಿಸು.
ಕೋತಿ ಹಾಳೆ ಕೊಡಲ್ಲ,
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

"ಅಲ್ಲಾಡಿಸಲ್ಲ," ಅಂತು ನುಗ್ಗೆಮರ. "ಅಲ್ಲಾಡಿಸಿದ್ರೆ ಕಾಯಿ ಉದುರತ್ತೆ. ಉದುರಿದ್ರೆ ನೀನೇ ಸಾರು ಮಾಡ್ತೀಯ. ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ?"

ಮಾತು ನಿಜ. ಅದಕ್ಕೇ ಸಣ್ಣಜ್ಜಿಗೆ ಇನ್ನೂ ಸಿಟ್ಟು ಬಂತು. ಬೀದಿಗೆ ಬಂದಳು. ಸಲೂನಿನ ಮುಂದೆ ಒಂದು ಮೇಕೆ ನಿಂತಿತ್ತು.

"ಮೇಕೆ ಮೇಕೆ, ಮರದ ಸೊಪ್ಪು ತಿನ್ನು.
ಮರ ಮೈ ಅಲ್ಲಾಡಿಸಲ್ಲ,
ಕೋತಿ ಹಾಳೆ ಕೊಡಲ್ಲ,
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

"ತಿನ್ನಲ್ಲ," ಅಂತು ಮೇಕೆ. "ಬೆಳಿಗ್ಗೆ ಯಾರದೋ ಲಂಗ ತಿಂದೆ. ಲಾಡಿ ಸಮೇತ ತಿಂದೆ. ಇನ್ನೂ ತೇಗು ಬರ್ತಿದೆ."

ತೇಗಿತು ಕೂಡ. ಸಣ್ಣಜ್ಜಿ ಮೂಗು ಮುಚ್ಕೊಂಡು ಸಲೂನೊಳಗೆ ನುಗ್ಗಿದಳು. ಒಳಗೆ ಕುರ್ಚಿ ಮೇಲೆ ಮೇಕೆ ಯಜಮಾನ ಬೀರಣ್ಣ ಕೂತಿದ್ದ. ಮುಖದ ತುಂಬ ಸೋಪಿನ ನೊರೆ. ನೊರೆ ನಡುವೆ ದೊಡ್ಡ ಮೀಸೆ.

"ಬೀರಣ್ಣ ಬೀರಣ್ಣ, ಮೇಕೆ ಕಿವಿ ಹಿಂಡು.
ಮೇಕೆ ಮರದ ಸೊಪ್ಪು ತಿನ್ನಲ್ಲ,
ಮರ ಮೈ ಅಲ್ಲಾಡಿಸಲ್ಲ,
ಕೋತಿ ಹಾಳೆ ಕೊಡಲ್ಲ,
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

"ಹಿಂಡಲ್ಲ," ಅಂದ ಬೀರಣ್ಣ. ಅನ್ನುವಾಗ ಬಾಯಿಂದ ಒಂದು ಗುಳ್ಳೆ ಬಂತು. "ಅರ್ಧ ಮುಖ ಆಗಿದೆ, ಅರ್ಧ ಬಾಕಿ ಇದೆ. ಎದ್ದು ಹೊರಗೆ ಬಂದ್ರೆ ನನ್ನ ಮೇಕೆಯೇ ನನ್ನ ಗುರುತು ಹಿಡಿಯಲ್ಲ."

ಮುಂದೆ ಯಾರ ಹತ್ರ ಹೋಗೋದು? ಎಲ್ಲೂ ಹೋಗೋದು ಬೇಡ. ಬೀರಣ್ಣನ ಹಿಂದೇನೇ ಕತ್ತರಿ ಹಿಡ್ಕೊಂಡು ಸಲೂನ್ ಶಾಮಣ್ಣ ನಿಂತಿದ್ದ.

"ಶಾಮಣ್ಣ ಶಾಮಣ್ಣ, ಮೀಸೆ ಕತ್ತರಿಸು.
ಬೀರಣ್ಣ ಮೇಕೆ ಕಿವಿ ಹಿಂಡಲ್ಲ,
ಮೇಕೆ ಮರದ ಸೊಪ್ಪು ತಿನ್ನಲ್ಲ,
ಮರ ಮೈ ಅಲ್ಲಾಡಿಸಲ್ಲ,
ಕೋತಿ ಹಾಳೆ ಕೊಡಲ್ಲ,
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

"ಕತ್ತರಿಸಲ್ಲ," ಅಂದ ಶಾಮಣ್ಣ. "ಈ ಮೀಸೆಗೆ ಇಪ್ಪತ್ತು ವರ್ಷದಿಂದ ಎಣ್ಣೆ ಹಚ್ಚಿದ್ದೀನಿ. ನನ್ನ ಮಕ್ಕಳನ್ನೂ ಇಷ್ಟು ಚೆನ್ನಾಗಿ ಸಾಕಿಲ್ಲ."

ಬೀರಣ್ಣ ನೊರೆಯೊಳಗೇ ಮೀಸೆ ತಿರುವಿದ. ಮೂಲೇಲಿ ಬೆಂಚಿತ್ತು. ಬೆಂಚಿನ ಮೇಲೆ ಮೆಂಬರ್ ಮರಿಯಪ್ಪ ತನ್ನ ಸರದಿ ಕಾಯ್ತಾ ಕೂತಿದ್ದ. ಮೆಂಬರ್ ಅಂದ್ರೆ ಊರಿಗೆ ದೊಡ್ಡವನು. ದೊಡ್ಡವನು ಅಂತ ಅವನೇ ಹೇಳ್ತಿದ್ದ.

"ಮೆಂಬರ್ ಮೆಂಬರ್, ಸಲೂನಿಗೆ ಬೀಗ ಹಾಕು.
ಶಾಮಣ್ಣ ಮೀಸೆ ಕತ್ತರಿಸಲ್ಲ,
ಬೀರಣ್ಣ ಮೇಕೆ ಕಿವಿ ಹಿಂಡಲ್ಲ,
ಮೇಕೆ ಮರದ ಸೊಪ್ಪು ತಿನ್ನಲ್ಲ,
ಮರ ಮೈ ಅಲ್ಲಾಡಿಸಲ್ಲ,
ಕೋತಿ ಹಾಳೆ ಕೊಡಲ್ಲ,
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

ಮೆಂಬರ್ ಕೆಮ್ಮಿದ. ಶಾಲು ಸರಿ ಮಾಡ್ಕೊಂಡ.

"ಬೀಗ ಹಾಕಲ್ಲ," ಅಂದ. "ಅರ್ಜಿ ಬರೆದು ತಾ. ಮೂರು ಪ್ರತಿ ತಾ. ಸೋಮವಾರ ತಾ."

"ಸೋಮವಾರ ಇರ್ತೀಯಾ?" ಅಂತ ಕೇಳಿದಳು ಸಣ್ಣಜ್ಜಿ.

"ಸೋಮವಾರ ನಾನು ಊರಲ್ಲಿರಲ್ಲ," ಅಂದ ಮೆಂಬರ್.

ಸಣ್ಣಜ್ಜಿ ಬಾಗಿಲ ಹತ್ರ ಕುಸಿದು ಕೂತಳು.  ಮನೇಲಿ ಹೊನ್ನಿ ಬಾಣಲೆ ಮುಂದೆ ಕೂತು ಕಾಯ್ತಾ ಇರ್ತಾಳೆ. ಸೇಬು ಆರ್ತಾ ಇದೆ. ಬರಿಗೈಲಿ ಹೋಗಿ ಮಗೂಗೆ ಏನು ಹೇಳೋದು? ಸಣ್ಣಜ್ಜಿಗೆ ಅಳು ಬಂತು. ಅತ್ತೇಬಿಟ್ಟಳು.

ಆಗ ಕಿವಿ ಹತ್ರ ಗುಂಯ್ ಅಂತು. ಒಂದು ನೊಣ. ಛೀ ಅಂತ ಓಡಿಸಕ್ಕೆ ಕೈಯೆತ್ತಿದಳು. ಎತ್ತಿದ ಕೈ ಹಾಗೇ ಇಳಿಸಿದಳು.

"ನೊಣ ನೊಣ, ಬಾರೋ ಇಲ್ಲಿ. ಮೆಂಬರ್ ಮೂಗಿನ ಮೇಲೆ ಕೂರು.
ಮೆಂಬರ್ ಸಲೂನಿಗೆ ಬೀಗ ಹಾಕಲ್ಲ,
ಶಾಮಣ್ಣ ಮೀಸೆ ಕತ್ತರಿಸಲ್ಲ,
ಬೀರಣ್ಣ ಮೇಕೆ ಕಿವಿ ಹಿಂಡಲ್ಲ,
ಮೇಕೆ ಮರದ ಸೊಪ್ಪು ತಿನ್ನಲ್ಲ,
ಮರ ಮೈ ಅಲ್ಲಾಡಿಸಲ್ಲ,
ಕೋತಿ ಹಾಳೆ ಕೊಡಲ್ಲ,
ಹಾಳೆ ಇಲ್ಲದೆ ಸಿಹಿ ಆಗಲ್ಲ,
ಸಿಹಿ ಇಲ್ಲದೆ ಹೊನ್ನಿ ಬಾಯಿ ಕುರುಂ ಅನ್ನಲ್ಲ."

ನೊಣ ಬಂದು ಸಣ್ಣಜ್ಜಿ ಮಂಡಿ ಮೇಲೆ ಕೂತಿತು.

"ಅಜ್ಜಿ, ಹುಟ್ಟಿದಾಗಿಂದ ಎಲ್ಲರೂ ನಂಗೆ ಹೋಗು ಅಂದವರೇ," ಅಂತು. "ಬಾ ಅಂದವಳು ನೀನೊಬ್ಬಳೇ. ಮೂಗು ಯಾವುದು, ತೋರಿಸು."

ಸಣ್ಣಜ್ಜಿ ಕಣ್ಣು ಒರೆಸ್ಕೊಂಡು ಮೂಗು ತೋರಿಸಿದಳು.

ನೊಣ ಹೋಗಿ ಮೆಂಬರ್ ಮೂಗಿನ ಮೇಲೆ ಕೂತಿತು. ಮೆಂಬರ್ ಹೊಡೆದ. ನೊಣ ಹಾರಿತು. ಏಟು ಮೂಗಿಗೆ ಬಿತ್ತು, ಚಟ್. ನೊಣ ಮತ್ತೆ ಕೂತಿತು. ಮತ್ತೆ ಚಟ್. ನೊಣ ಮತ್ತೆ ಕೂತಿತು. ಮತ್ತೆ ಚಟ್. ಮೂಗು ಟೊಮೇಟೊ ಆಯ್ತು.

"ಈ ನೊಣಾನ ವಾಪಸ್ ಕರಿ ಮಾರಾಯ್ತಿ, ಸಲೂನಿಗೆ ಬೀಗ ಹಾಕ್ತೀನಿ," ಅಂದ ಮೆಂಬರ್. ಎದ್ದು ಬಾಗಿಲಿಗೆ ನೇತಾಡ್ತಿದ್ದ ಸಲೂನಿನ ಬೀಗ ಹಿಡ್ಕೊಂಡ. ಬಾಗಿಲು ಮುಚ್ಚಿದ್ರೆ ತಾನೂ ಒಳಗೇ ಇರ್ತೀನಿ ಅನ್ನೋದು ಆ ದೊಡ್ಡವನಿಗೆ ಹೊಳೀಲಿಲ್ಲ.

"ಬೀಗ ಹಾಕಬೇಡ, ಮೀಸೆ ಕತ್ತರಿಸ್ತೀನಿ," ಅಂದ ಶಾಮಣ್ಣ. ಕತ್ತರಿ ಕಚಕ್ ಅಂತು.

"ಮೀಸೆ ಕತ್ತರಿಸಬೇಡ, ಮೇಕೆ ಕಿವಿ ಹಿಂಡ್ತೀನಿ," ಅಂದ ಬೀರಣ್ಣ. ಅರ್ಧ ನೊರೆಯಲ್ಲೇ ಹೊರಗೆ ಓಡಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಅವನಿಗೆ ಮೀಸೆ ಉಳಿದ್ರೆ ಸಾಕು.

"ಕಿವಿ ಹಿಂಡಬೇಡ, ಮರದ ಸೊಪ್ಪು ತಿಂತೀನಿ," ಅಂತು ಮೇಕೆ. ತೇಗ್ತಾ ತೇಗ್ತಾ ಹಿತ್ತಲಿಗೆ ಓಡಿತು.

"ಸೊಪ್ಪು ತಿನ್ನಬೇಡ, ಮೈ ಅಲ್ಲಾಡಿಸ್ತೀನಿ," ಅಂತು ಮರ. ಗಡಗಡ ಗಡಗಡ ಅಲ್ಲಾಡಿತು.

"ಅಲ್ಲಾಡಿಸಬೇಡ, ಹಾಳೆ ಕೊಡ್ತೀನಿ," ಅಂತು ಕೋತಿ. ಒಂದು ಕೈಲಿ ಕೊಂಬೆ, ಇನ್ನೊಂದು ಕೈಲಿ ಬಾಲ ಹಿಡ್ಕೊಂಡು, ಕಾಲಲ್ಲಿ ಪೊಟ್ಟಣ ಒದ್ದಿತು.

ಪೊಟ್ಟಣ ದೊಪ್ ಅಂತ ಸಣ್ಣಜ್ಜಿ ಸೆರಗಿಗೆ ಬಿತ್ತು. ಬಿಚ್ಚಿ ನೋಡಿದ್ರೆ ಹಾಳೆ ಹರಿದಿಲ್ಲ, ಒಣಗಿಲ್ಲ. ಆದರೆ ಎಲ್ಲ ಮುದುಡಿ ಹೋಗಿದೆ. ಕೋತಿ ಕೂತಿತ್ತಲ್ಲ. ಯಾಕೆ ಮೂಗು ಮುಚ್ಕೊಳ್ತೀರಿ? ಮೇಲೆ ಪ್ಲಾಸ್ಟಿಕ್ ಕವರ್ ಇತ್ತು.

"ಮುದುಡಿದ್ರೆ ಮುದುಡಲಿ," ಅಂದಳು ಸಣ್ಣಜ್ಜಿ. "ಹೊಟ್ಟೆಗೆ ಹೋದ ಮೇಲೆ ಇಸ್ತ್ರಿ ಯಾರು ನೋಡ್ತಾರೆ?"

ದಪ್ಪ ತಳದ ಪಾತ್ರೆಗೆ ತುಪ್ಪ ಸವರಿದಳು. ಮುದುಡಿದ ಹಾಳೆ ಹಾಸಿದಳು. ತುಪ್ಪ ಸವರಿದಳು. ಬೆಂದ ಸೇಬು ಸುರಿದಳು. ಮೇಲೆ ಮತ್ತೆ ಮುದುಡಿದ ಹಾಳೆ. ಮತ್ತೆ ತುಪ್ಪ. ಮುಚ್ಚಳ ಮುಚ್ಚಿ, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ನೊಣ ಅಷ್ಟರಲ್ಲಿ ಸೇಬಿನ ಸಿಪ್ಪೆ ತಟ್ಟೆ ಮೇಲೆ ಕೂತು ಊಟ ಮಾಡ್ತಿತ್ತು. ಯಾರೂ ಅದನ್ನ ಹೋಗು ಅನ್ನಲಿಲ್ಲ.

ಮುಚ್ಚಳ ತೆಗೆದ್ರೆ ಹೊಂಬಣ್ಣ. ಸಣ್ಣಜ್ಜಿ ಒಂದು ತುಂಡು ತೆಗೆದು, ಉಫ್ ಉಫ್ ಅಂತ ಊದಿ, ಹೊನ್ನಿ ಬಾಯಿಗಿಟ್ಟಳು. ಹೊನ್ನಿ ಬಾಯಿ ಮುಚ್ಚಿದಳು. ನಾಲಿಗೇಲಿ ಒತ್ತಿದಳು.

ಕುರುಂ.

ಹೊನ್ನಿ ಕಣ್ಣು ಅರಳಿತು. ಇನ್ನೊಂದು ತುಂಡು. ಕುರುಂ. ಮತ್ತೊಂದು ತುಂಡು. ಕುರುಂ. ಆಮೇಲೆ ಹೊನ್ನಿ ಒಂದು ತುಂಡು ತೆಗೆದು ಅಜ್ಜಿ ಬಾಯಿ ಹತ್ರ ಹಿಡಿದಳು.

"ನಂಗೆ ಬೇಡ ಕಣೆ, ನೀನು ತಿನ್ನು," ಅಂದಳು ಸಣ್ಣಜ್ಜಿ.

"ಆ ಅನ್ನು ಅಜ್ಜಿ."

ಸಣ್ಣಜ್ಜಿ ಆ ಅಂದಳು. ಹೊನ್ನಿ ಒಳಗೆ ಇಣುಕಿದಳು. ಅಷ್ಟು ದೊಡ್ಡ ಬಾಯೊಳಗೆ ಒಂದು ಹಲ್ಲೂ ಇರಲಿಲ್ಲ. ಹನ್ನೊಂದು ವರ್ಷ ಆಗಿತ್ತು, ಆ ಬಾಯಿ ಕುರುಂ ಅಂದು.

ಹೊನ್ನಿ ತುಂಡು ಒಳಗಿಟ್ಟಳು. ಅಜ್ಜಿ ಬಾಯಿ ಮುಚ್ಚಿದಳು. ಹೊನ್ನಿ ಅಜ್ಜಿ ಕೆನ್ನೆಗೆ ಕಿವಿ ಆನಿಸಿ ಕೂತಳು.

ಕುರುಂ.

ಇಬ್ಬರೂ ನಕ್ಕರು. ಆಮೇಲೆ ಹೊನ್ನಿಗೊಂದು, ಅಜ್ಜಿಗೊಂದು, ಹೊನ್ನಿಗೊಂದು, ಅಜ್ಜಿಗೊಂದು, ಪಾತ್ರೆ ಖಾಲಿ ಆಗೋ ತನಕ. ಪಾತ್ರೆ ತಳ ನೆಕ್ಕಿದ್ದು ಯಾರು ಅಂತ ಮಾತ್ರ ಕೇಳಬೇಡಿ. ನಂಗೆ ಗೊತ್ತು, ಹೇಳಲ್ಲ.